ಬೀಳುವ ವಿದ್ಯೆ

ನಮ್ಮ ಭಾಷೆಯಲ್ಲಿ ಬೀಳುವುದಕ್ಕೆ ಒಳ್ಳೆಯ ಹೆಸರಿಲ್ಲ. ಬಿದ್ದವನಿಗೆ ಆಳಿಗೊಂದು ಕಲ್ಲು ಎನ್ನುತ್ತೇವೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನಗುತ್ತೇವೆ. ಗೋಡೆ ಬಿದ್ದರೂ, ಸರಕಾರ ಬಿದ್ದರೂ, ಅಡಕೆಯ ಧಾರಣೆ ಬಿದ್ದರೂ ಅದು ಕೆಟ್ಟ ಸುದ್ದಿಯೇ. ಹೀಗಿರುವಾಗ, ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಅರವತ್ತಾರನೆಯ ವಯಸ್ಸಿನಲ್ಲಿ, ಕೈಯಿಂದ ದುಡ್ಡು ಕೊಟ್ಟು, ಗುರುಮುಖೇನ ಬೀಳುವುದನ್ನು ಕಲಿಯಹೊರಟೆನೆಂದರೆ ಕೇಳುವವರು ನಗುವುದು ಸಹಜ. ನನ್ನ ಮನೆಯವರು ನಗಲೂ ಇಲ್ಲ. "ಏರುವುದಕ್ಕೆ ದುಡ್ಡು ಕೊಡುವವರನ್ನು ನೋಡಿದ್ದೇನೆ, ಬೀಳುವುದಕ್ಕೆ ಕೊಡುವವರನ್ನು ನೋಡಿದ್ದು ಇದೇ ಮೊದಲು" ಎಂದಷ್ಟೇ ಹೇಳಿ ಒಳಗೆ ಹೋದರು.

ನಡೆದದ್ದು ಇಷ್ಟು. 2024ರ ಅಕ್ಟೋಬರಿನಲ್ಲಿ ನಾವಿಬ್ಬರೂ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಲಾಸ್ ಏಂಜಲಿಸ್ ನಗರದಿಂದ ಆಗ್ನೇಯಕ್ಕೆ ನೂರು ಕಿಲೋಮೀಟರಿಗೆ ಮೇಲ್ಪಟ್ಟ ದೂರದಲ್ಲಿ ಪೆರಿಸ್ ಎಂಬ ಊರುಂಟು. ಸುತ್ತಲೂ ಒಣಗಿದ ಹುಲ್ಲು, ಗುಂಡುಬಂಡೆಗಳನ್ನು ಹೊತ್ತ ಕಂದು ಗುಡ್ಡಗಳು. ಚಿತ್ರದುರ್ಗದ ಬೇಸಗೆಯನ್ನು ಕಂಡವರಿಗೆ ಆ ನೋಟ ಪರಕೀಯವೆನಿಸದು. ಆ ಊರಿನ ಪುಟ್ಟ ವಿಮಾನನೆಲೆ ಆಕಾಶದಿಂದ ಧುಮುಕುವವರಿಗೆ ಹೆಸರಾದದ್ದು. ನನ್ನ ಹುಟ್ಟಿದ ದಿನಕ್ಕೆ ಮಗಳು ಕೊಟ್ಟ ಉಡುಗೊರೆಯೆಂದರೆ ಅಲ್ಲಿಂದ ಒಂದು ಧುಮುಕು.

ಮೊದಲ ಸಲ ಧುಮುಕುವವನನ್ನು ಅಲ್ಲಿ ಒಂಟಿಯಾಗಿ ಬಿಡುವುದಿಲ್ಲ. ನುರಿತವನೊಬ್ಬನ ಎದೆಗೆ ನಮ್ಮ ಬೆನ್ನನ್ನು ಪಟ್ಟಿಗಳಿಂದ ಬಿಗಿದು ಇಬ್ಬರನ್ನೂ ಒಂದೇ ಗಂಟಾಗಿ ಬಿಡುತ್ತಾರೆ. ಇದಕ್ಕೆ ಟ್ಯಾಂಡೆಮ್ ಎಂದು ಹೆಸರು. 1980ರ ದಶಕದ ಆರಂಭದಲ್ಲಿ ಬಿಲ್ ಬೂತ್, ಟೆಡ್ ಸ್ಟ್ರಾಂಗ್ ಎಂಬಿಬ್ಬರು ಅಮೆರಿಕನ್ನರು ರೂಢಿಸಿದ ಏರ್ಪಾಡು ಇದು. ಇಬ್ಬರ ಭಾರಕ್ಕೆ ವೇಗ ಹೆಚ್ಚುತ್ತದೆಯಲ್ಲವೆ? ಅದಕ್ಕಾಗಿ ಹೊರಬಿದ್ದ ಕೂಡಲೇ ಡ್ರೋಗ್ ಎಂಬ ಪುಟ್ಟ ಕೊಡೆಯನ್ನು ಹಿಂದಕ್ಕೆ ಬಿಡುತ್ತಾರೆ. ಅದು ಇಬ್ಬರ ವೇಗವನ್ನು ಒಬ್ಬನ ವೇಗಕ್ಕೆ ಇಳಿಸುತ್ತದೆ. ಆ ವೇಗವೂ ಗಂಟೆಗೆ ಸುಮಾರು 190 ಕಿಲೋಮೀಟರು.

ನಾನು ಹೆದರಿದ್ದು ಬಾವಿಗೆ ಬಿದ್ದಂತೆ ಹೊಟ್ಟೆ ತೊಳಸುವ ಅನುಭವಕ್ಕೆ. ಅದು ಆಗಲೇ ಇಲ್ಲ. ಓಡುವ ವಿಮಾನದಿಂದ ಹೊರಬಿದ್ದವನು ಮೊದಲೇ ವೇಗದಲ್ಲಿರುತ್ತಾನೆ; ಎದುರುಗಾಳಿ ಕೂಡಲೇ ಅವನನ್ನು ಹಿಡಿದುಕೊಳ್ಳುತ್ತದೆ. ಹತ್ತು ಹನ್ನೆರಡು ಸೆಕೆಂಡಿನಲ್ಲಿ ವೇಗ ಏರುವುದು ನಿಂತುಹೋಗುತ್ತದೆ. ಆಮೇಲೆ ಬೀಳುತ್ತಿದ್ದೇನೆಂಬ ಭಾವವೇ ಇರುವುದಿಲ್ಲ. ಗಟ್ಟಿಯಾದ ಗಾಳಿಯ ಹಾಸಿಗೆಯ ಮೇಲೆ ಬೋರಲಾಗಿ ಮಲಗಿದಂತೆ. ಕಿವಿಯಲ್ಲಿ ಜಲಪಾತದ ಭೋರ್ಗರೆತ. ನಿಮಿಷದೊಳಗೆ ದೊಡ್ಡ ಕೊಡೆ ಬಿಚ್ಚಿಕೊಂಡಿತು. ಕೆಲವೇ ನಿಮಿಷಗಳಲ್ಲಿ ನಾವು ನೆಲದ ಮೇಲಿದ್ದೆವು.

ಎಲ್ಲರೂ ಕೈಕುಲುಕಿದರು, ಮಗಳು ಚಿತ್ರ ತೆಗೆದಳು. ಆದರೆ ಸಂಜೆಯ ಹೊತ್ತಿಗೆ ನನಗೊಂದು ಅಸಮಾಧಾನ ಹುಟ್ಟಿತು. ನಾನು ಮಾಡಿದ್ದಾದರೂ ಏನು? ಹಿಡಿಕೆ ಎಳೆದವನು ಇನ್ನೊಬ್ಬ, ಕೊಡೆ ನಡೆಸಿದವನು ಇನ್ನೊಬ್ಬ. ಕಾಲೆತ್ತು ಎಂದಾಗ ಕಾಲೆತ್ತಿದ್ದಷ್ಟೇ ನನ್ನ ಪೌರುಷ. ಹಳಗನ್ನಡ ಕಾವ್ಯವನ್ನು ಗದ್ಯಾನುವಾದದಲ್ಲಿ ಓದಿ ಬಂದು, ಓದಿಬಿಟ್ಟೆ ಸಾರ್ ಎಂದು ಬೀಗುವ ವಿದ್ಯಾರ್ಥಿಗಳನ್ನು ನಾನು ಬೇಕಾದಷ್ಟು ಕಂಡಿದ್ದೆ. ಇಂದು ಅವರ ಸಾಲಿನಲ್ಲಿ ನಾನೇ ನಿಂತಿದ್ದೆ. ಮೂಲವನ್ನೇ ಓದಬೇಕು ಎನ್ನಿಸಿತು. ಮಗಳಿಗೆ ಹೇಳಿದಾಗ ಅವಳು, "ಅಪ್ಪ, ಅದು ಉಡುಗೊರೆ, ಕಸುಬಲ್ಲ" ಎಂದಳು. ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ವೈದ್ಯರಿಂದ ಒಪ್ಪಿಗೆಯ ಪತ್ರ ತಂದ ಮೇಲೆ ಅವಳೇ ಕಾರು ತೆಗೆದಳು.

ಒಂಟಿಯಾಗಿ ಧುಮುಕಲು ಕಲಿಯುವವನು ಮೊದಲು ಒಂದು ದಿನ ನೆಲದ ಮೇಲೆ ಪಾಠ ಕೇಳಬೇಕು. ಜೊತೆಗಿದ್ದ ನಾಲ್ವರೂ ಇಪ್ಪತ್ತರ ಆಸುಪಾಸಿನವರು. ಪಾಠ ಹೇಳಿದಾಕೆ ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಅಪಾಯ ನನ್ನದೇ ಎಂದು ಒಪ್ಪಿ ಹಾಳೆ ಹಾಳೆಗೂ ರುಜು ಹಾಕಬೇಕಾಯಿತು; ಇಡೀ ಮೌಲ್ಯಮಾಪನ ಕೇಂದ್ರದಲ್ಲಿಯೂ ಅಷ್ಟು ರುಜು ಹಾಕಿದ ನೆನಪಿಲ್ಲ. ಆಮೇಲೆ ಗಾಲಿಯ ಹಲಗೆಯ ಮೇಲೆ ಬೋರಲು ಮಲಗಿಸಿ ಸೊಂಟವನ್ನು ಮುಂದಕ್ಕೊತ್ತಿ ಬಿಲ್ಲಿನಂತೆ ಬಾಗುವುದನ್ನು ಕಲಿಸಿದರು. ಹಾಗೆ ಬಾಗಿದ ಮೈ ಗಾಳಿಯಲ್ಲಿ ಮಗುಚದೆ ನಿಲ್ಲುತ್ತದೆ. ಹೆದರಿದವನು ಮುದುಡುತ್ತಾನೆ, ಮುದುಡಿದವನು ಉರುಳುತ್ತಾನೆ.

ಧುಮುಕುಕೊಡೆ ಎಂದು ನಾವು ಕನ್ನಡದಲ್ಲಿ ಕರೆಯುತ್ತೇವಾದರೂ ಈಗಿನದು ಕೊಡೆಯಾಕಾರದಲ್ಲಿಲ್ಲ. 1797ರ ಅಕ್ಟೋಬರ್ 22ರಂದು ಪ್ಯಾರಿಸ್ಸಿನಲ್ಲಿ ಗಾರ್ನರಿನ್ ಎಂಬಾತ ಬಲೂನಿನಿಂದ ಇಳಿದದ್ದು ನಿಜವಾದ ಕೊಡೆಯಂಥದರಲ್ಲಿ. ಅದು ತೊಟ್ಟಿಲಿನಂತೆ ತೂಗಾಡಿ ಆತನನ್ನು ಹಣ್ಣುಮಾಡಿತಂತೆ. ಈಗಿನದು ಸಾಲಾಗಿ ಹೊಲಿದ ಚೀಲಗಳ ಒಂದು ಹಾಸು. ಮುಂಬಾಯಿಯಿಂದ ಗಾಳಿ ತುಂಬಿಕೊಂಡು ರೆಕ್ಕೆಯಂತೆ ಉಬ್ಬಿ ಮುಂದೆ ಸಾಗುತ್ತದೆ. 1960ರ ದಶಕದಲ್ಲಿ ಡೊಮಿನಾ ಜಾಲ್ಬರ್ಟ್ ಎಂಬಾತ ಕಂಡುಹಿಡಿದ ಉಪಾಯವಿದು. ಬೆನ್ನಿನ ಗಂಟಿನಲ್ಲಿ ಅಂಥವು ಎರಡಿರುತ್ತವೆ. ಮೊದಲನೆಯದು ಕೈಕೊಟ್ಟರೆ ಬಲಗಡೆಯ ಹಿಡಿಕೆ ಎಳೆದು ಅದನ್ನು ಕಳಚಬೇಕು, ಎಡಗಡೆಯ ಹಿಡಿಕೆ ಎಳೆದು ಎರಡನೆಯದನ್ನು ಬಿಡಿಸಬೇಕು. ಆ ಎರಡನೆಯದನ್ನು ಪರವಾನಿಗೆಯಿರುವ ಕುಶಲನೊಬ್ಬ 180 ದಿನಗಳಿಗೊಮ್ಮೆ ಬಿಚ್ಚಿ ಪರೀಕ್ಷಿಸಿ ಮಡಿಸಿಡಬೇಕೆಂಬುದು ಅಲ್ಲಿನ ಕಾನೂನು. ಇದೂ ಸಾಲದೆಂದು, ಧುಮುಕಿದವನು ಮೈಮರೆತು ಬೀಳುತ್ತಲೇ ಇದ್ದರೆ ನೆಲಕ್ಕೆ ಸುಮಾರು 750 ಅಡಿ ಇರುವಾಗ ತಾನಾಗಿ ಎರಡನೆಯದನ್ನು ಬಿಚ್ಚುವ ಪುಟ್ಟ ಯಂತ್ರವೊಂದಿರುತ್ತದೆ.

ಇಷ್ಟೆಲ್ಲ ಕಾವಲಿದ್ದರೂ ವಿದ್ಯಾರ್ಥಿ ಮಾಡಬೇಕಾದ ಮುಖ್ಯ ಕೆಲಸ ಒಂದೇ. ಮುಂಗೈಗೆ ಕಟ್ಟಿದ ಎತ್ತರಮಾಪಕವನ್ನು ನೋಡುತ್ತಿರಬೇಕು. ಮುಳ್ಳು 5,500 ಅಡಿಗೆ ಬಂದಾಗ ಗಂಟಿನ ಬುಡದಲ್ಲಿರುವ ಹಿಡಿಕೆಯನ್ನು ಬಲಗೈಯಿಂದ ಹುಡುಕಿ ಎಳೆದು ಗಾಳಿಗೆ ಬಿಡಬೇಕು. ಮೊದಲ ಪಾಠದಲ್ಲಿ ಗುರುಗಳಿಬ್ಬರು ಎಡಕ್ಕೊಬ್ಬರು ಬಲಕ್ಕೊಬ್ಬರು ಹಿಡಿದುಕೊಂಡೇ ಬೀಳುತ್ತಾರೆ. ಆ ಗಾಳಿಯಲ್ಲಿ ಮಾತು ಕೇಳಿಸದಾದ್ದರಿಂದ ಬೆರಳಿನ ಸಂಜ್ಞೆಯಲ್ಲೇ ಪಾಠ. ಎರಡು ಬೆರಳು ಚಾಚಿದರೆ ಕಾಲು ನೀಡು ಎಂದು. ತೋರುಬೆರಳೊಂದನ್ನೇ ಚಾಚಿದರೆ ಎಳೆ ಎಂದು. ಕೊನೆಗೆ ಲಿಖಿತ ಪರೀಕ್ಷೆ. ನಲವತ್ತು ವರ್ಷಗಳ ತರುವಾಯ ಪ್ರಶ್ನೆಪತ್ರಿಕೆಯ ಈಚೆ ಕುಳಿತಿದ್ದೆ, ಅಂಗೈ ಬೆವರಿತ್ತು. ಅದರಲ್ಲಿ ತೇರ್ಗಡೆಯಾದೆ.

ಮರುದಿನ ಬೆಳಗ್ಗೆ ವಿಮಾನ ಏರಿದೆವು. ಸಾವಿರ ಅಡಿಗೆ ಸುಮಾರು ಎರಡು ಡಿಗ್ರಿಯಂತೆ ಚಳಿ ಏರುತ್ತ ಹೋಯಿತು. ಹದಿಮೂರು ಸಾವಿರ ಅಡಿಯಲ್ಲಿ ಬಾಗಿಲು ತೆರೆಯಿತು. ಈ ಸಲ ಬೆನ್ನಿಗೆ ಯಾರೂ ಅಂಟಿಕೊಂಡಿರಲಿಲ್ಲ. ಬಾಗಿಲಿನಲ್ಲಿ ನಿಂತು ಎಡಬಲದ ಇಬ್ಬರನ್ನೂ ನೋಡಿ, ತಲೆಯಾಡಿಸಿ, ಹೊರಬಿದ್ದೆ. ಮೈ ಬಿಲ್ಲಾಯಿತು, ಮುಳ್ಳು ನೋಡಿದೆ, ಹೇಳಿಕೊಟ್ಟಂತೆ ಮೂರು ಸಲ ಹಿಡಿಕೆ ಮುಟ್ಟಿ ಅಭ್ಯಾಸ ಮಾಡಿದೆ. ಎಲ್ಲ ಸರಿಯಾಗಿ ನಡೆಯುತ್ತಿದೆ ಎಂಬ ಸಮಾಧಾನ ಬಂತು. ಅದೇ ಕೆಡಿಸಿತು. ದಿಗಂತದಲ್ಲಿ ಬೆಳಗಿನ ಬಿಸಿಲಿಗೆ ಗುಡ್ಡಗಳ ಸಾಲು ಹೊಂಬಣ್ಣವಾಗಿತ್ತು. ನಾನು ಅದನ್ನು ನೋಡಿದೆ. ನೋಡುತ್ತಲೇ ಇದ್ದೆ. ಆ ವೇಗದಲ್ಲಿ ಸಾವಿರ ಅಡಿ ಕಳೆಯಲು ಆರು ಸೆಕೆಂಡೂ ಬೇಡ. ಎಡಗಡೆಯಿಂದ ಒಂದು ತೋರುಬೆರಳು ನನ್ನ ಕಣ್ಣಮುಂದೆ ಬಂತು. ಕಂಡೆ. ಅರ್ಥವಾಗಲಿಲ್ಲ. ಮತ್ತೆ ಬಂತು. ಬೆರಳನ್ನು ನೋಡಿದೆನೇ ಹೊರತು ಬೆರಳು ಹೇಳಿದ್ದನ್ನು ಓದಲಿಲ್ಲ. ಮರುಗಳಿಗೆಯಲ್ಲಿ ಭುಜಗಳನ್ನು ಯಾರೋ ಮೇಲಕ್ಕೆತ್ತಿದಂತಾಯಿತು. ಭೋರ್ಗರೆತ ನಿಂತಿತು. ತಲೆಯೆತ್ತಿದರೆ ನೀಲಿ ಬಿಳಿಯ ಹಾಸು ತುಂಬಿಕೊಂಡು ನಿಂತಿತ್ತು. ಎಳೆದವನು ನಾನಲ್ಲ.

ಕೆಳಗಿನಿಂದ ಒಬ್ಬರು ಕಿವಿಯ ಬಳಿಯ ರೇಡಿಯೋದಲ್ಲಿ ಎಡಕ್ಕೆ, ಬಲಕ್ಕೆ ಎಂದು ದಾರಿ ಹೇಳಿ ನನ್ನನ್ನು ಇಳಿಸಿಕೊಂಡರು. ಕಾಲೂರಬೇಕಾದಲ್ಲಿ ಆಸನವೂರಿದೆ. ದೂರದಲ್ಲಿ ನಿಂತಿದ್ದ ಮಗಳು ಚಪ್ಪಾಳೆ ತಟ್ಟಿದಳು. ಅವಳಿಗೆ ನಡೆದದ್ದು ತಿಳಿದಿರಲಿಲ್ಲ. ಗುರು ಬಂದು ನನ್ನ ಅಭ್ಯಾಸದ ಪುಸ್ತಕ ತೆರೆದಳು. ನಿಲುವು ಚೆನ್ನಾಗಿತ್ತೆಂದು ಬರೆದಳು. ಎತ್ತರದ ಎಚ್ಚರ ತಪ್ಪಿತು, ಹಿಡಿಕೆ ಎಳೆಯಲಿಲ್ಲ, ಇದೇ ಪಾಠ ಇನ್ನೊಮ್ಮೆ ಆಗಬೇಕು ಎಂದು ಬರೆದಳು. ಗದರಲಿಲ್ಲ, ಸಂತೈಸಲೂ ಇಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾಡಿದ್ದು ಭಯವಲ್ಲ, ಆ ಬೆರಳು. ಆಕೆ ಒಮ್ಮೆ ತೋರಿಸಿದಳು, ಕಾದಳು; ಮತ್ತೊಮ್ಮೆ ತೋರಿಸಿದಳು, ಕಾದಳು; ಇನ್ನು ಕಾಯಲಾಗದು ಎಂಬ ಎತ್ತರ ಬಂದಾಗ ತಾನೇ ಎಳೆದಳು. ತನ್ನ ಪ್ರಾಣವೂ ಆ ಎತ್ತರದಲ್ಲೇ ಬೀಳುತ್ತಿದ್ದಾಗ ಆಕೆ ನನಗಾಗಿ ಕಾದ ಕೆಲವು ಸೆಕೆಂಡುಗಳನ್ನು ನೆನೆದೆ. ತರಗತಿಯಲ್ಲಿ ನಾನು ಯಾರಿಗಾಗಿಯಾದರೂ ಅಷ್ಟು ಹೊತ್ತು ಕಾದದ್ದುಂಟೆ? ಒಬ್ಬ ಹುಡುಗ ನೆನಪಿಗೆ ಬಂದ. ಹಳ್ಳಿಯ ಕಡೆಯವನು, ಮಾತು ನಿಧಾನ. ಪದ್ಯದ ಅನ್ವಯ ಕೇಳಿದಾಗ ಎದ್ದು ನಿಂತು ತುಟಿ ಅಲುಗಿಸುತ್ತಿದ್ದ. ಹೇಳುವುದರೊಳಗೆ ನಾನೇ ಹೇಳಿ ಕೂರಿಸುತ್ತಿದ್ದೆ. ಅದನ್ನು ದಯೆಯೆಂದು ತಿಳಿದಿದ್ದೆ. ವರ್ಷದ ಕೊನೆಗೆ ಅವನು ಎದ್ದು ನಿಲ್ಲುವುದನ್ನೇ ಬಿಟ್ಟ. ಎರಡನೆಯ ವರ್ಷಕ್ಕೆ ಬೇರೆ ವಿಷಯ ತೆಗೆದುಕೊಂಡನೆಂದು ಕೇಳಿದೆ. ಪ್ರತಿ ಸಲವೂ ಹದಿಮೂರು ಸಾವಿರ ಅಡಿಯಲ್ಲೇ ಅವನ ಹಿಡಿಕೆಯನ್ನು ನಾನು ಎಳೆದುಬಿಟ್ಟಿದ್ದೆ.

ಕಿಷ್ಕಿಂಧಾಕಾಂಡದ ಕಡೆಯಲ್ಲಿ ಕಡಲ ತಡಿಯಲ್ಲಿ ಕಪಿಗಳು ಕುಳಿತು ಯಾರು ಎಷ್ಟು ದೂರ ನೆಗೆಯಬಲ್ಲರೆಂದು ಲೆಕ್ಕ ಹಾಕುವ ಸಂದರ್ಭವನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಅಂಗದ ನೂರು ಯೋಜನ ಹೋಗಬಲ್ಲೆ, ಮರಳುವುದು ಸಂದೇಹ ಎನ್ನುತ್ತಾನೆ. ಜಾಂಬವಂತ ಮುಪ್ಪಿನಲ್ಲಿ ತನ್ನದು ತೊಂಬತ್ತೇ ಯೋಜನ ಎನ್ನುತ್ತಾನೆ. ಆಮೇಲೆ ಸುಮ್ಮನೆ ಕುಳಿತಿದ್ದ ಹನುಮಂತನ ಬಳಿಗೆ ಬಂದು ಅವನ ಬಲವನ್ನು ಅವನಿಗೆ ನೆನಪು ಮಾಡಿಕೊಡುತ್ತಾನೆ. ಹೊತ್ತುಕೊಂಡು ಹೋಗುವುದಿಲ್ಲ, ಬೆರಳು ತೋರಿಸುತ್ತಾನೆ, ಅಷ್ಟೆ. ಜಾಂಬವಂತನ ವೃದ್ಧಾಪ್ಯವನ್ನು ಕುರಿತು ಗಂಟೆಗಟ್ಟಲೆ ಮಾತನಾಡಿದ್ದ ನಾನು ಈ ಸಣ್ಣ ಸಂಗತಿಯನ್ನು ಕಾಣಲು ಪೆರಿಸ್ಸಿನ ಆಕಾಶದಿಂದ ಬೀಳಬೇಕಾಯಿತು.

ಎರಡನೆಯ ಸಲ ಹೋಗುವುದೇ ಬೇಡವೇ ಎಂದು ನಾಲ್ಕು ದಿನ ತೂಗಾಡಿದೆ. ಅಮೆರಿಕದ ಅಧ್ಯಕ್ಷರಾಗಿದ್ದ ಹಿರಿಯ ಬುಷ್ ಅವರ ಪ್ರಸಂಗವೊಂದು ಆಗ ನೆನಪಾಯಿತು. 1944ರ ಸೆಪ್ಟೆಂಬರಿನಲ್ಲಿ, ಇಪ್ಪತ್ತು ವರ್ಷದ ನೌಕಾದಳದ ವೈಮಾನಿಕನಾಗಿದ್ದಾಗ, ಪೆಸಿಫಿಕ್ ಸಾಗರದ ಮೇಲೆ ಅವರ ವಿಮಾನಕ್ಕೆ ಗುಂಡು ತಗುಲಿತು. ಧುಮುಕುವ ಗಡಿಬಿಡಿಯಲ್ಲಿ ಹಗ್ಗವನ್ನು ಬೇಗ ಎಳೆದುಬಿಟ್ಟು ವಿಮಾನದ ಬಾಲಕ್ಕೆ ತಲೆ ಬಡಿಸಿಕೊಂಡರು. ಜೊತೆಗಿದ್ದ ಇಬ್ಬರು ಉಳಿಯಲಿಲ್ಲ. 1997ರ ಮಾರ್ಚಿಯಲ್ಲಿ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಅವರು ಅರಿಜೋನಾದ ಯೂಮಾದಲ್ಲಿ ಮತ್ತೆ ಧುಮುಕಿದರು. ಅಂದು ತಪ್ಪಿದ್ದನ್ನು ಸರಿಯಾಗಿ ಮಾಡಬೇಕೆಂಬ ಆಸೆ ಅರ್ಧ ಶತಮಾನ ಮನಸ್ಸಿನಲ್ಲಿತ್ತು. ತೊಂಬತ್ತು ತುಂಬಿದ ದಿನ, 2014ರಲ್ಲಿ, ಕಡೆಯ ಸಲ ಧುಮುಕಿದಾಗ ಇನ್ನೊಬ್ಬರ ಎದೆಗೆ ಕಟ್ಟಿಸಿಕೊಂಡೇ ಇಳಿದರು. ಅದರಲ್ಲಿ ಅವರು ನಾಚಿಕೆ ಕಾಣಲಿಲ್ಲ. ಹೊತ್ತುಕೊಳ್ಳಿಸಿಕೊಳ್ಳುವುದಕ್ಕೂ ಒಂದು ಕಾಲವಿದೆ. ನನಗೆ ಆ ಕಾಲ ಇನ್ನೂ ಬಂದಿಲ್ಲವೆನ್ನಿಸಿತು.

ಹೋದೆ. ಈ ಸಲ ಗುಡ್ಡಗಳನ್ನು ನೋಡಲಿಲ್ಲವೆಂದಲ್ಲ. ನೋಡಿ ಮುಳ್ಳಿನ ಕಡೆಗೆ ಮರಳಿದೆ. ಆರು ಸಾವಿರ. ಐದೂವರೆ ಸಾವಿರ. ಎಡಗಡೆಯ ಬೆರಳು ಬರಲಿಲ್ಲ. ಆಕೆ ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ಬಲಗೈ ಹಿಂದಕ್ಕೆ ಹೋಯಿತು, ಹಿಡಿಕೆ ಸಿಕ್ಕಿತು, ಎಳೆದೆ, ಗಾಳಿಗೆ ಬಿಟ್ಟೆ. ಭುಜ ಮೇಲಕ್ಕೆದ್ದಿತು. ಆ ನಿಶ್ಶಬ್ದದಲ್ಲಿ ನನ್ನ ಬಾಯಿಂದ ಹೊರಟ ಮಾತು ಆ ಹುಡುಗನ ಹೆಸರು. ಏಕೆಂದು ನನಗೆ ತಿಳಿಯದು.

ಸ್ವತಂತ್ರವಾಗಿ ಧುಮುಕುವ ಮೊದಲ ಪರವಾನಿಗೆಗೆ ಅಲ್ಲಿ 25 ಧುಮುಕು ಆಗಿರಬೇಕು. ನನ್ನ ಪುಸ್ತಕದಲ್ಲಿರುವುದು ಮೂರು. ಅದರಲ್ಲಿ ಒಂದು ಇನ್ನೊಬ್ಬರ ಎದೆಯ ಮೇಲೆ, ಒಂದು ಇನ್ನೊಬ್ಬರ ಕೈಯಿಂದ. ನನ್ನದೆನ್ನಬಹುದಾದದ್ದು ಒಂದೇ. ಅಲ್ಲಿಗೆ ನಿಲ್ಲಿಸಿದೆ. ಎರಡನೆಯ ಸಲ ನಾನು ಇಳಿದಾಗ ಮಗಳ ಮುಖ ನೋಡಿದ್ದೆ. ಮೇಲಿನವನ ಮುಂಗೈಯಲ್ಲಿ ಎತ್ತರಮಾಪಕವಿರುತ್ತದೆ. ಕೆಳಗೆ ನಿಂತು ಆಕಾಶ ನೋಡುವವರ ಕೈಯಲ್ಲಿ ಏನೂ ಇರುವುದಿಲ್ಲ.

ಊರಿಗೆ ಮರಳಿದ ಮೇಲೆ ನೆರೆಯ ಹುಡುಗಿಯೊಬ್ಬಳು ಸಂಜೆ ವ್ಯಾಕರಣ ಹೇಳಿಸಿಕೊಳ್ಳಲು ಬರುತ್ತಿದ್ದಾಳೆ. ಸಮಾಸ ಬಿಡಿಸು ಎಂದು ಕೊಟ್ಟು ನಾನು ಕಿಟಕಿಯ ಕಡೆ ನೋಡುತ್ತೇನೆ. ಹೇಳಿಬಿಡಲು ನಾಲಗೆ ತುರಿಸುತ್ತದೆ. ಎಣಿಸುತ್ತೇನೆ: ಒಂದು ಸಾವಿರ ಅಡಿ, ಎರಡು ಸಾವಿರ ಅಡಿ. ಹೆಚ್ಚಿನ ದಿನಗಳಲ್ಲಿ ಅವಳೇ ಬಿಡಿಸುತ್ತಾಳೆ.

ಈ ಕೋಣೆಯ ಗೋಡೆಯ ಮೇಲೊಂದು ಗಡಿಯಾರವಿದೆ. ನನಗೆ ಕೊಟ್ಟ ಹೊತ್ತು ಮುಗಿಯುತ್ತ ಬಂದಿದೆಯೆಂದು ಅದು ಹೇಳುತ್ತಿದೆ. ಗಾಜಿನ ಆಚೆ ಕುಳಿತವರು ಬೆರಳು ತೋರಿಸುವ ಮುನ್ನ, ಈ ಸಲವೂ ನಾನೇ ಎಳೆಯುತ್ತೇನೆ. ನಮಸ್ಕಾರ.