ಕಲ್ಲು ಕರಗಿಸುವ ಕಾಕಂಬಿ

ಹಿಂದೂಪುರದ ಮಾರುಕಟ್ಟೆಗೆ ಹೆಸರು ಬಂದದ್ದು ಬೆಲ್ಲದಿಂದ, ಹುಣಸೆಹಣ್ಣಿನಿಂದ. ಕಲ್ಯಾಣದುರ್ಗದ ಸುತ್ತ ಶೇಂಗಾ ಹೊಲಗಳು. ಅಲ್ಲಿಂದ ಬಳ್ಳಾರಿ ದಾಟಿ ಸಂಡೂರಿನ ಗುಡ್ಡಗಳಿಗೆ ಹೋದರೆ ಮಸಿಬಣ್ಣದ ಕಲ್ಲು ಸಿಗುತ್ತದೆ. ಗಾತ್ರಕ್ಕಿಂತ ತೂಕ ಹೆಚ್ಚು, ಮುಟ್ಟಿದರೆ ಬೆರಳು ಕಪ್ಪು. ಅದೇ ಮ್ಯಾಂಗನೀಸ್ ಅದಿರು. ಬೆಲ್ಲದ ಮಂಡಿಗೂ ಈ ಕಲ್ಲಿಗೂ ಎತ್ತಣ ಸಂಬಂಧ ಎಂದು ಕೇಳುಗರಿಗೆ ಅನ್ನಿಸಬಹುದು. ಸಂಬಂಧವಿದೆ, ಅದೂ ಬಹಳ ಹತ್ತಿರದ್ದು.

ಮ್ಯಾಂಗನೀಸನ್ನು ಲೋಹವಾಗಿ ಬೇರ್ಪಡಿಸಿದವರು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಗಾನ್, 1774ರಲ್ಲಿ. ಇಂದು ಜಗತ್ತಿನ ಮ್ಯಾಂಗನೀಸಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಉಕ್ಕಿನ ಕುಲುಮೆಗೇ ಹೋಗುತ್ತದೆ. ಸಂಡೂರಿನಲ್ಲಿ 1954ರಲ್ಲಿ ಹುಟ್ಟಿದ ಸಂಡೂರ್ ಮ್ಯಾಂಗನೀಸ್ ಕಂಪನಿ ದೇವಗಿರಿಯ ಸುತ್ತ ಈ ಅದಿರನ್ನು ಅಗೆಯುತ್ತ ಬಂದಿದೆ. ಹೊಸಪೇಟೆ ಹತ್ತಿರದ ವ್ಯಾಸನಕೆರೆಯಲ್ಲಿ ಅದನ್ನು ಕರಗಿಸಿ ಉಕ್ಕಿಗೆ ಬೆರೆಸುವ ಮಿಶ್ರಲೋಹ ಮಾಡುವ ಕುಲುಮೆಗಳಿವೆ. ಸಂಡೂರಿನ ಅದಿರಿನಲ್ಲಿ ರಂಜಕ ಕಡಿಮೆ, ಅದು ಅದರ ಗುಣ. ಕಬ್ಬಿಣ ಹೆಚ್ಚು, ಅದು ಅದರ ತೊಡಕು.

ಗಟ್ಟಿ ಅದಿರಿಗೆ ಕುಲುಮೆ ಇದೆ. ಪುಡಿಯಾದದ್ದು, ಮ್ಯಾಂಗನೀಸಿನ ಅಂಶ ಕಡಿಮೆ ಇರುವುದು, ಇವುಗಳ ಗತಿ ಏನು? ಇಲ್ಲಿಗೆ ರಸಾಯನಶಾಸ್ತ್ರ ಬರುತ್ತದೆ. ಫಿಲ್ಟರಿನಲ್ಲಿ ಕಾಫಿಪುಡಿಗೆ ಬಿಸಿನೀರು ಹೊಯ್ದು ಡಿಕಾಕ್ಷನ್ ಇಳಿಸುವ ಹಾಗೆ, ಅದಿರಿನ ಪುಡಿಯನ್ನು ಆಮ್ಲದಲ್ಲಿ ನೆನೆಸಿ ಬೇಕಾದ ಲೋಹವನ್ನಷ್ಟೇ ಬಸಿದುಕೊಳ್ಳುವುದು. ಆದರೆ ಈ ಕಪ್ಪು ಕಲ್ಲು ಹಟಮಾರಿ. ಅದರಲ್ಲಿರುವ ಮ್ಯಾಂಗನೀಸ್ ಡೈಆಕ್ಸೈಡ್ ಬರೀ ಗಂಧಕಾಮ್ಲಕ್ಕೆ ಜಗ್ಗುವುದಿಲ್ಲ. ಅದರ ಒಂದೊಂದು ಮ್ಯಾಂಗನೀಸ್ ಪರಮಾಣುವಿಗೂ ಎರಡೆರಡು ಎಲೆಕ್ಟ್ರಾನ್ ಕೊಡಬೇಕು. ಆಮೇಲೆ ಅದು ತಾನಾಗಿ ನೀರಿಗಿಳಿಯುತ್ತದೆ.

ಇದನ್ನು ಮನೆಯಲ್ಲೇ ಕಂಡವರಿದ್ದಾರೆ. ಬಾವಿಗೆ ಹಾಕುವ ನೇರಳೆ ಹರಳು, ಅಂದರೆ ಪೊಟ್ಯಾಸಿಯಂ ಪರ್ಮಾಂಗನೇಟ್, ಕೈಗೆ ತಗುಲಿದರೆ ಕಂದು ಕಲೆ ಕೂರುತ್ತದೆ. ಸೋಪಿಗೆ ಅದು ಹೋಗುವುದಿಲ್ಲ. ನಿಂಬೆಹಣ್ಣಿನ ಹೋಳು ಉಜ್ಜಿದರೆ ನೋಡನೋಡುತ್ತಲೇ ಮಾಯ. ಆ ಕಲೆ ಮ್ಯಾಂಗನೀಸ್ ಡೈಆಕ್ಸೈಡೇ. ನಿಂಬೆಯ ರಸ ಅದಕ್ಕೆ ಎಲೆಕ್ಟ್ರಾನ್ ಕೊಟ್ಟಿತು, ಹುಳಿ ಅದನ್ನು ಕರಗಿಸಿತು. ಕಾರ್ಖಾನೆಯ ತೊಟ್ಟಿಯಲ್ಲಿ ನಡೆಯುವುದೂ ಇದೇ.

ಹಳೆಯ ದಾರಿಯಲ್ಲಿ ಎಲೆಕ್ಟ್ರಾನ್ ಕೊಡುವುದು ಕಲ್ಲಿದ್ದಲು. ಅದಿರಿಗೆ ಇದ್ದಲು ಬೆರೆಸಿ 700ರಿಂದ 900 ಡಿಗ್ರಿಯಲ್ಲಿ ಹುರಿದು, ಆಮೇಲೆ ಆಮ್ಲಕ್ಕೆ ಹಾಕುತ್ತಾರೆ. ಬಡ ಅದಿರಾದರೆ ಸುಡುವ ಶಾಖದಲ್ಲಿ ದೊಡ್ಡ ಪಾಲು ಬರೀ ಮಣ್ಣಿಗೇ ಖರ್ಚಾಗುವುದುಂಟು. ಈ ಕೆಲಸವನ್ನು ಸಕ್ಕರೆಯೂ ಮಾಡಬಲ್ಲದು! ಗಂಧಕಾಮ್ಲದ ಬಿಸಿ ದ್ರಾವಣದಲ್ಲಿ ಒಂದು ಕಿಲೋ ಸಕ್ಕರೆ ಸುಮಾರು ಆರು ಕಿಲೋ ಮ್ಯಾಂಗನೀಸ್ ಡೈಆಕ್ಸೈಡನ್ನು ಕರಗಿಸಬೇಕು. ಇದು ಕಾಗದದ ಮೇಲಿನ ಲೆಕ್ಕ. ತೊಟ್ಟಿಯಲ್ಲಿ ಸಕ್ಕರೆ ತನ್ನ ಎಲೆಕ್ಟ್ರಾನುಗಳನ್ನೆಲ್ಲ ಬಿಟ್ಟುಕೊಡುವುದಿಲ್ಲ, ಹೆಚ್ಚೇ ಬೇಕಾಗುತ್ತದೆ. ಒಳ್ಳೆಯ ಬೆಲ್ಲವನ್ನು ಯಾರೂ ಕಲ್ಲಿಗೆ ಸುರಿಯಬೇಕಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿ ಸಾಕು.

ಚೀನಾದ ಗುವಾಂಗ್ಸಿ ಪ್ರಾಂತದಲ್ಲಿ ಕಬ್ಬೂ ಇದೆ, ಮ್ಯಾಂಗನೀಸ್ ಗಣಿಯೂ ಇದೆ. ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಡ ಅದಿರನ್ನು ಆಮ್ಲ ಮತ್ತು ಕಾಕಂಬಿಯ ಜೊತೆ 90 ಡಿಗ್ರಿಯಲ್ಲಿ ಎರಡು ಗಂಟೆ ಕಲಕಿದರು. ಮ್ಯಾಂಗನೀಸಿನ ಶೇಕಡಾ 97ರಷ್ಟು ನೀರಿಗೆ ಬಂತು. ಕಬ್ಬಿಣ ಬಂದದ್ದು ಸುಮಾರು ಮೂರನೇ ಒಂದು ಪಾಲು ಮಾತ್ರ. ಕಬ್ಬಿಣ ತುಂಬಿದ ಸಂಡೂರಿನಂಥ ಅದಿರಿರುವ ಕಡೆ ಗಮನಿಸಬೇಕಾದ ಸಂಖ್ಯೆ ಇದು. ಕಬ್ಬೂ ಗಣಿಯೂ ಅಕ್ಕಪಕ್ಕ ಇರುವುದು ಗುವಾಂಗ್ಸಿಯಲ್ಲಿ ಮಾತ್ರವೇ? ತುಂಗಭದ್ರೆಯ ಬಯಲಿನಲ್ಲೂ ಹಾಗೇ ಇದೆ.

ಬಂದ ಕಬ್ಬಿಣವನ್ನು ಕಳೆಯುವುದು ಕಷ್ಟವಲ್ಲ. ದ್ರಾವಣಕ್ಕೆ ಗಾಳಿಯೂದಿ, ಸುಣ್ಣ ಹಾಕಿ ಹುಳಿ ಇಳಿಸಿದರೆ ಕಬ್ಬಿಣ ಕೆಂಗಂದು ಗಸಿಯಾಗಿ ತಳ ಸೇರುತ್ತದೆ. ಮ್ಯಾಂಗನೀಸ್ ಮೇಲಿನ ನೀರಿನಲ್ಲೇ ನಿಲ್ಲುತ್ತದೆ. ಅದನ್ನು ಇಂಗಿಸಿದರೆ ನಸುಗೆಂಪು ಮ್ಯಾಂಗನೀಸ್ ಸಲ್ಫೇಟ್. ಆ ದ್ರಾವಣಕ್ಕೆ ವಿದ್ಯುತ್ ಹಾಯಿಸಿದರೆ ಧನ ಧ್ರುವದ ಮೇಲೆ ಶುದ್ಧವಾದ ಡೈಆಕ್ಸೈಡ್ ಕಟ್ಟುತ್ತದೆ. ಟಾರ್ಚ್ ಸೆಲ್ಲಿನೊಳಗಿನ ಕಪ್ಪುಪುಡಿಯಲ್ಲಿ ಮುಖ್ಯವಾದದ್ದು ಅದು. ಸರ್ಕಾರಿ ಒಡೆತನದ ಮಾಯಿಲ್ ಕಂಪನಿ ಮಹಾರಾಷ್ಟ್ರದ ಡೋಂಗ್ರಿ ಬುಜುರ್ಗ್ ಗಣಿಯಲ್ಲಿ ಅದನ್ನು ತಯಾರಿಸುತ್ತದೆ.

ಚಿಂತೆ ಇರುವುದು ಉಳಿಯುವ ಕೆಸರಿನಲ್ಲಿ, ಕೊಳೆನೀರಿನಲ್ಲಿ. ಚೀನಾದಲ್ಲಿ ಲೋಹದ ಮ್ಯಾಂಗನೀಸ್ ತಯಾರಿಸಿದ ಊರುಗಳ ಬಳಿ ಇಂಥ ಕೆಸರು ಗುಡ್ಡವಾಗಿ ಬಿದ್ದು, ಮಳೆನೀರಿನ ಜೊತೆ ಮ್ಯಾಂಗನೀಸೂ ಅಮೋನಿಯವೂ ನೆಲಕ್ಕಿಳಿದ ಸಂಕಟ ದೊಡ್ಡದು. ನಮ್ಮ ದೇಶದ ಮಾನಕದ ಪ್ರಕಾರ ಕುಡಿಯುವ ನೀರಿನ ಲೀಟರಿಗೆ ಮ್ಯಾಂಗನೀಸ್ 0.1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 0.3ರವರೆಗೆ ಒಪ್ಪಬಹುದು. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಹಿಂದೂಪುರ, ಕಲ್ಯಾಣದುರ್ಗಗಳಿರುವ ಅನಂತಪುರವೂ ಒಂದು. ಬೋರ್‌ವೆಲ್‌ನ ಒಂದೊಂದು ಕೊಡವನ್ನೂ ಲೆಕ್ಕ ಹಾಕುವ ಊರುಗಳಿಗೆ ಇಂಥ ಕಾರ್ಖಾನೆ ಬರುವುದಾದರೆ, ತೊಟ್ಟಿಯ ನೀರನ್ನು ಮತ್ತೆ ಮತ್ತೆ ಬಳಸುವ, ಕೆಸರನ್ನು ತೊಳೆದು ಮುಚ್ಚಿಡುವ ಏರ್ಪಾಡು ಮೊದಲು ಬರಬೇಕು, ತೊಟ್ಟಿ ಆಮೇಲೆ.

ಅದೇ ಮ್ಯಾಂಗನೀಸ್ ಹೊಲದಲ್ಲಿ ಕೊರತೆಯಾದರೂ ಕಾಟವೇ. ಸುಣ್ಣದ ಅಂಶ ಹೆಚ್ಚಿರುವ ನೆಲದಲ್ಲಿ ಬೆಳೆಯ ಎಳೆ ಎಲೆಗಳ ನರ ಹಸಿರಾಗಿದ್ದು, ನಡುವಿನ ಭಾಗ ಹಳದಿಗೆ ತಿರುಗುತ್ತದೆ. ಶೇಂಗಾಕ್ಕೂ ಅದು ಬರುತ್ತದೆ. ಆಗ ರೈತ ಗೊಬ್ಬರದ ಅಂಗಡಿಯಿಂದ ಮ್ಯಾಂಗನೀಸ್ ಸಲ್ಫೇಟ್ ತರುತ್ತಾನೆ. ಅದರಲ್ಲಿ ಶೇಕಡಾ 30.5ರಷ್ಟು ಮ್ಯಾಂಗನೀಸ್ ಇರಲೇಬೇಕೆಂಬುದು ಕಾನೂನು. ನೂರು ಲೀಟರ್ ನೀರಿಗೆ ಅರ್ಧ ಕಿಲೋ ಬೆರೆಸಿ, ಬಿಸಿಲು ಇಳಿದ ಮೇಲೆ ಎಲೆಗೆ ಸಿಂಪಡಿಸುತ್ತಾನೆ.