ಮಕ್ಕಳಿಗೆ ಹೇಳುವ ಪ್ರಾಣಿಗಳ ಕಥೆ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತನಿಗೆ ಕಥೆಯ ಗೊಡವೆ ಏಕೆಂದು ತಾವು ಕೇಳಬಹುದು. ನಾನು ಸಾಹಿತಿಯಲ್ಲ, ವಾಣಿಜ್ಯಶಾಸ್ತ್ರ ಓದಿದವನು. ಆದರೆ ಎರಡು ಮಕ್ಕಳ ತಂದೆ. ರಾತ್ರಿ ಒಂದು ಕಥೆ ಹೇಳದೆ ನನಗೆ ಬಿಡುಗಡೆಯಿಲ್ಲ. ಆ ಅಧಿಕಾರದಿಂದಲೇ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಪ್ರಾಣಿಗಳ ನೀತಿಕಥೆ ಕನ್ನಡಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಸುಮಾರು 1031ರಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಸಂಧಿವಿಗ್ರಹಿಯೆಂದರೆ ಯುದ್ಧ ಸಂಧಾನಗಳನ್ನು ನೋಡಿಕೊಳ್ಳುವ ಮಂತ್ರಿ. ಅಂಥವನು ನರಿ, ಎತ್ತು, ಸಿಂಹಗಳ ಕಥೆ ಬರೆಯಲು ಕುಳಿತನೆಂದರೆ ಅವುಗಳ ಬೆಲೆಯನ್ನು ಊಹಿಸಬಹುದು. ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗಭಟ್ಟನ ಪಾಠವನ್ನು ಅನುಸರಿಸಿ, ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂಬ ಐದು ಭಾಗಗಳಲ್ಲಿ ಅವನು ಕಥೆ ಹೇಳಿದನು. ಆ ಚಾಲುಕ್ಯರ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. 1956ರ ನವೆಂಬರು 1ರಂದು ರಾಜ್ಯಗಳು ಪುನರ್ವಿಂಗಡಣೆಯಾಗುವವರೆಗೆ ಅದು ಹೈದರಾಬಾದು ರಾಜ್ಯದಲ್ಲಿಯೇ ಇತ್ತು. ಆದ್ದರಿಂದ ಈ ಊರಿನ ಕನ್ನಡಿಗರಿಗೆ ಇದು ಮನೆಯದೇ ಆಸ್ತಿ.

ನಮ್ಮ ನೆರೆಯವರಿಗೂ ಈ ಕಥೆಗಳು ಪರಿಚಿತವೇ. ತೆಲುಗರಿಗೆ 1853ರಷ್ಟು ಹಿಂದಿನ ಚಿನ್ನಯಸೂರಿಯ 'ನೀತಿಚಂದ್ರಿಕ' ಇದೆ. ಕರಟಕ ದಮನಕರೆಂಬ ನರಿಗಳು ಪಹ್ಲವಿ ಭಾಷೆಯ ದಾರಿಯಾಗಿ ಅರಬ್ಬಿಗೆ ಹೋಗಿ 'ಕಲೀಲ, ದಿಮ್ನ' ಎನಿಸಿಕೊಂಡವು. ಪಾರಸಿಯ 'ಅನ್ವಾರೆ ಸುಹೇಲಿ'ಯಾಗಿ ಮೊಗಲರ ದರ್ಬಾರಿಗೆ ಮರಳಿ ಬಂದವು. ಹೀಗಿರುವಾಗ, ಯಾವ ಭಾಷೆಯಲ್ಲಿ ಕೇಳಿದರೇನು, ನೀತಿ ಒಂದೇ ಅಲ್ಲವೆ ಎಂದು ಕೆಲವು ಮಿತ್ರರು ಕೇಳುತ್ತಾರೆ. ನೀತಿ ಒಂದೇ, ನಿಜ. ಆದರೆ ಕಥೆಯೊಡನೆ ಮಗುವಿಗೆ ಭಾಷೆಯೂ ಬರುತ್ತದೆ.

ಮಂಗ ಮೊಸಳೆಯ ಕಥೆಯಲ್ಲಿ ಮಂಗವಿರುವುದು ನೇರಳೆಯ ಮರದ ಮೇಲೆ. ನನ್ನ ಮಗಳು ಆ ಹಣ್ಣನ್ನು ಗೆಳತಿಯರೊಡನೆ 'ನೇರೇಡು' ಎನ್ನುತ್ತಾಳೆ, ಬಜಾರಿನಲ್ಲಿ 'ಜಾಮುನ್' ಎನ್ನುತ್ತಾಳೆ. ನೇರಳೆ ಎಂಬ ಮಾತು ಅವಳಿಗೆ ದೊರೆತದ್ದು ಈ ಕಥೆಯಿಂದ. ಕೊಟ್ಟಿಗೆ, ಕೆಚ್ಚಲು, ಮೇವು, ಗೊಲ್ಲ - ಮೂರನೆಯ ಅಂತಸ್ತಿನ ಮನೆಯಲ್ಲಿ ಬೆಳೆಯುವ ಮಗು ಇವನ್ನು ಬೇರೆಲ್ಲಿ ಕೇಳಬೇಕು? ಈ ಮಾತುಗಳಿಲ್ಲದ ಮಗು ರಜೆಯಲ್ಲಿ ಊರಿಗೆ ಹೋದರೆ ಅಜ್ಜಿಯ ಪಕ್ಕದಲ್ಲಿ ಅತಿಥಿಯಂತೆ ಕೂರುತ್ತದೆ. ಇಷ್ಟು ದೊಡ್ಡ ನಷ್ಟಕ್ಕೆ ಒಂದೇ ತಲೆಮಾರು ಸಾಕು.

ಇನ್ನು ಹೇಳುವ ಬಗೆ. ಕಥೆ ಮುಗಿಯುತ್ತಲೇ ಇದರ ನೀತಿ ಇಂಥದು ಎಂದು ಉಪದೇಶಕ್ಕೆ ತೊಡಗಬಾರದು. ತೊಟ್ಟಿಲ ಕೂಸನ್ನು ಹಾವಿನಿಂದ ಕಾಪಾಡಿದ ಮುಂಗುಸಿಯ ಬಾಯಲ್ಲಿ ರಕ್ತ ಕಂಡು, ವಿಚಾರಿಸದೆ ಅದನ್ನು ಕೊಂದ ಕಥೆಯನ್ನು ಹೇಳಿ ಸುಮ್ಮನಿರಿ. ತೊಟ್ಟಿಲನ್ನು ಮೊದಲು ನೋಡಬಾರದಿತ್ತೆ ಎಂದು ಮಗುವೇ ಕೇಳುತ್ತದೆ. ಅಷ್ಟಾದರೆ ಕಥೆಯ ಕೆಲಸ ಆಯಿತು.

ಮಕ್ಕಳು ಅಳುತ್ತಾರೆಂದು 'ಗೋವಿನ ಹಾಡಿ'ನ ಕೊನೆಯಲ್ಲಿ ಹುಲಿಯನ್ನು ಬದುಕಿಸಿ ಹೇಳುವವರಿದ್ದಾರೆ. ಹಾಗೆ ಮಾಡಬಾರದೆಂದು ನನ್ನ ವಿನಂತಿ. ಬ್ಯಾಂಕಿನಲ್ಲಿ ಸಾಲ ಕೊಡುವ ಮುನ್ನ ಸಹಿ, ಜಾಮೀನು, ಅಡವು ಎಲ್ಲವನ್ನೂ ಕೇಳುತ್ತೇವೆ. ಆದರೂ ಕೆಲವು ಸಾಲ ಮರಳುವುದಿಲ್ಲ. ಪುಣ್ಯಕೋಟಿಯ ಬಳಿ ಇದ್ದುದು ಬರಿಯ ಮಾತು. ಕರುವಿಗೆ ಹಾಲೂಡಿಸಿ, ಅದನ್ನು ಒಡನಾಡಿ ಹಸುಗಳಿಗೆ ಒಪ್ಪಿಸಿ, ಅದು ಕೊಟ್ಟ ಮಾತಿನಂತೆ ಹುಲಿಯ ಗವಿಗೆ ಬಂದಿತು. ಹಸಿದ ಹುಲಿಯನ್ನೂ ಕರಗಿಸಿದ ಆ ಸತ್ಯದ ತೂಕ ತಿಳಿಯಬೇಕಾದರೆ ಹುಲಿಯ ಸಾವು ಕಥೆಯಲ್ಲಿ ಇರಲೇಬೇಕು. ಹುಲಿಗಾಗಿ ಅಳುವ ಮಗು ಮುಂದೆ ವೈರಿಯ ಮನಸ್ಸನ್ನೂ ಅರಿಯಬಲ್ಲದು. ತೆಲುಗಿನಲ್ಲಿ ಅನಂತಾಮಾತ್ಯನ 'ಭೋಜರಾಜೀಯಮು' ಕಾವ್ಯದಲ್ಲಿಯೂ ಹಸು ಹುಲಿಗಳ ಸಂವಾದವಿದೆ. ನಮ್ಮ ಮಕ್ಕಳು ನೆರೆಮನೆಯ ಮಕ್ಕಳೊಡನೆ ಕಥೆಗೆ ಕಥೆ ವಿನಿಮಯ ಮಾಡಿಕೊಳ್ಳಲಿ. ಅದಕ್ಕೆ ಮೊದಲು ತಮ್ಮ ಪಾಲಿನದು ಅವರ ಕೈಯಲ್ಲಿರಬೇಕಷ್ಟೆ.

ಕೊನೆಯದಾಗಿ ಒಂದು ಸೂಚನೆ. ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ ಮಾತಿನಲ್ಲಿಯೇ ಒಂದೊಂದು ಕಥೆ ಬರೆದಿಡೋಣ. ಮುಂದಿನ ರಾಜ್ಯೋತ್ಸವದಲ್ಲಿ ಈ ವೇದಿಕೆಯ ಮೇಲೆ ಅರ್ಧ ಗಂಟೆ ಮಕ್ಕಳಿಗೆ ಬಿಟ್ಟುಕೊಟ್ಟು, ಅವರ ಬಾಯಿಂದ ಆ ಕಥೆಗಳನ್ನು ಕೇಳೋಣ.