ಹೊತ್ತು ತಂದ ಮೇಲೆ

ನಮ್ಮ ಕಾಫಿ ಸೀಮೆಯಲ್ಲಿ ಮುಪ್ಪು ಎನ್ನುವುದು ಬಹುಮಂದಿಗೆ ದಕ್ಕಿದ್ದು ಈಚೆಗೆ. ನೂರು ವರ್ಷದ ಹಿಂದೆ ಮಲೆನಾಡೆಂದರೆ ಚಳಿಜ್ವರದ ನಾಡು. ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ ತೋಟದ ಕೆಲಸಕ್ಕೆ ಬಂದವರು ಒಂದೆರಡು ಮಳೆಗಾಲದಲ್ಲೇ ಮಲೇರಿಯಾಕ್ಕೆ ತುತ್ತಾಗುತ್ತಿದ್ದರು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸರ್ಕಾರ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದಾಗ ಆರಿಸಿಕೊಂಡ ಊರುಗಳಲ್ಲಿ ಮೂಡಿಗೆರೆಯೂ ಒಂದು. ಆಮೇಲೆ ಡಿಡಿಟಿ ಬಂತು, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು, ಜ್ವರ ಹಿಂದೆ ಸರಿಯಿತು. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಈಗ ಅದು 70ರ ಆಸುಪಾಸಿನಲ್ಲಿದೆ. ಹಾಗಾಗಿ ಎಂಬತ್ತರ ಅಜ್ಜಿಗೆ ರಾತ್ರಿ ಹನ್ನೊಂದು ಗಂಟೆಗೆ ಉಸಿರು ಕಟ್ಟಿದರೆ ಏನು ಮಾಡಬೇಕು ಎಂಬ ಪ್ರಶ್ನೆ ನಮ್ಮ ಅಜ್ಜಂದಿರ ಕಾಲದಲ್ಲಿ ಇಷ್ಟು ಮನೆಗಳಲ್ಲಿ ಏಳುತ್ತಿರಲಿಲ್ಲ.

ಎದ್ದ ಕಡೆ ಉತ್ತರ ಒಂದೇ ಆಗಿತ್ತು: ಹೊತ್ತುಕೊಂಡು ಹೋಗುವುದು. ಕಂಬಳಿಯ ಎರಡು ತುದಿಯನ್ನು ಬಿದಿರ ಗಳಕ್ಕೆ ಬಿಗಿದು ಜೋಳಿಗೆ ಮಾಡಿ, ಮುಂದೆ ಇಬ್ಬರು ಹಿಂದೆ ಇಬ್ಬರು ಹೆಗಲು ಕೊಡುವುದು. ಕಾಲುಸಂಕ ದಾಟುವಾಗ ಒಬ್ಬೊಬ್ಬರೇ. ಇದನ್ನು ಹಳೆಯ ಕಾಲದ ಮಾತಾಗಿ ಹೇಳುವ ಹಾಗಿಲ್ಲ. ಕಳಸದ ಸುತ್ತಿನ ಕಾಡಂಚಿನ ಊರುಗಳಲ್ಲಿ ವಯಸ್ಸಾದವರನ್ನು ಜೋಳಿಗೆಯಲ್ಲಿ ಹೊತ್ತು ತಂದ ಚಿತ್ರ ಪತ್ರಿಕೆಗಳಲ್ಲಿ ಇಂದಿಗೂ ಬರುತ್ತಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟೂ ಬರುತ್ತದೆ, ಹೊತ್ತವರ ಬಗ್ಗೆ ಗೌರವವೂ ಹುಟ್ಟುತ್ತದೆ.

1951ರಲ್ಲಿ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ಬಂದು, ತೋಟದ ಕಾರ್ಮಿಕರಿಗೂ ಅವರ ಮನೆಯವರಿಗೂ ವೈದ್ಯಕೀಯ ಸೌಲಭ್ಯ ಒದಗಿಸುವುದು ಮಾಲೀಕರ ಹೊಣೆಯಾಯಿತು. ದೊಡ್ಡ ತೋಟಗಳಲ್ಲಿ ದವಾಖಾನೆ, ಕಾಂಪೌಂಡರ್ ಬಂದರು. ಗಾಯ, ಹೆರಿಗೆ, ಜ್ವರಕ್ಕೆ ಅವರು ಮಾಡಿದ ಉಪಕಾರ ಸಣ್ಣದಲ್ಲ. ಕೈ ಮೀರಿದರೆ ತೋಟದ ಜೀಪು. ರೈಟರನ್ನು ಎಬ್ಬಿಸಿ, ಸಾಹುಕಾರರಿಗೆ ಹೇಳಿ ಕಳಿಸಿ, ಡ್ರೈವರ್ ಸಿಕ್ಕಿ, ಜೀಪು ಹೊರಡುವಾಗ ಅರ್ಧ ರಾತ್ರಿ ಕಳೆದಿರುತ್ತಿತ್ತು. ದುಡಿದು ಸವೆದು ಕೆಲಸ ಬಿಟ್ಟವರ ಕಾಯಿಲೆಗೆ ಈ ವ್ಯವಸ್ಥೆಯಲ್ಲಿ ಪ್ರತ್ಯೇಕ ಯೋಚನೆ ಇರಲಿಲ್ಲ.

ಅಂಥ ಯೋಚನೆ ಹೊರಗಿನ ಜಗತ್ತಿನಲ್ಲೂ ತಡವಾಗಿಯೇ ಶುರುವಾಯಿತು. ಮುಪ್ಪಿನ ವೈದ್ಯಕ್ಕೆ ‘ಜೆರಿಯಾಟ್ರಿಕ್ಸ್’ ಎಂಬ ಹೆಸರು ಬಂದದ್ದೇ 1909ರಲ್ಲಿ, ನ್ಯೂಯಾರ್ಕಿನ ಇಗ್ನಾಟ್ಜ್ ನಾಷರ್ ಎಂಬ ವೈದ್ಯರಿಂದ. ಅದಕ್ಕೆ ಜೀವ ಕೊಟ್ಟವರು ವೈದ್ಯೆ ಮಾರ್ಜರಿ ವಾರನ್. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ 700ಕ್ಕೂ ಹೆಚ್ಚು ದೀರ್ಘರೋಗಿಗಳು ಅವರ ಪಾಲಿಗೆ ಬಂದರು. ಬಹಳ ಮಂದಿ ಮುದುಕರು, ‘ಇನ್ನು ಇಷ್ಟೇ’ ಎಂದು ಹಾಸಿಗೆಗೆ ಬಿಟ್ಟವರು. ವಾರನ್ ಒಬ್ಬೊಬ್ಬರನ್ನೂ ಹೊಸದಾಗಿ ಪರೀಕ್ಷಿಸಿದರು. ಇವರು ಏಕೆ ಮಲಗಿದ್ದಾರೆ, ಮೊದಲು ಏನು ಮಾಡುತ್ತಿದ್ದರು, ಎಬ್ಬಿಸಿ ಕೂರಿಸಿದರೆ ಏನಾಗುತ್ತದೆ? ಎಷ್ಟೋ ಜನ ಎದ್ದು ನಡೆದು ಮನೆಗೆ ಹೋದರು. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ನೆಲೆ ಕೊಟ್ಟವರು ಮದ್ರಾಸಿನ ಡಾ. ವಿ.ಎಸ್. ನಟರಾಜನ್. ಅಲ್ಲಿಯ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಅವರು ವೃದ್ಧರ ವಿಭಾಗ ತೆರೆದದ್ದು 1978ರಲ್ಲಿ.

ಮುದುಕರ ದೇಹ ತುರ್ತಿನಲ್ಲಿ ಬೇರೆಯದೇ ರೀತಿ ನಡೆದುಕೊಳ್ಳುತ್ತದೆ ಎಂಬ ತಿಳಿವು ಆಂಬುಲೆನ್ಸಿನವರೆಗೆ ಬರಲು ಇನ್ನೂ ಹಲವು ದಶಕ ಹಿಡಿಯಿತು. ಎಲ್ಲರಿಗೂ ಒಂದೇ ಅಳತೆಗೋಲು ಹಿಡಿದರೆ ಮೋಸಹೋಗುತ್ತೇವೆ. ಬಿ.ಪಿ. ನೋಡುತ್ತೀರಿ, ಮೇಲಿನ ಅಂಕಿ 120 ಇದೆ. ಇಪ್ಪತ್ತೈದರ ಹುಡುಗನಿಗೆ ಅದು ಒಳ್ಳೆಯ ಸುದ್ದಿ. ವರ್ಷಗಳಿಂದ 160ರಲ್ಲೇ ಓಡಾಡಿಕೊಂಡಿದ್ದ ಅಜ್ಜನಿಗೆ ಅದೇ 120 ಒಳಗೆಲ್ಲೋ ರಕ್ತ ಸೋರುತ್ತಿರುವ ಗುರುತಿರಬಹುದು. ನಾಡಿ ಏರಿಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವಂತೆಯೂ ಇಲ್ಲ. ಬಿ.ಪಿ.ಗೆ, ಹೃದಯಕ್ಕೆ ಕೊಡುವ ಕೆಲವು ಮಾತ್ರೆಗಳು ನಾಡಿಯನ್ನು ಏರಲು ಬಿಡುವುದೇ ಇಲ್ಲ. ಅಮೆರಿಕದಲ್ಲಿ ಗಾಯಾಳುಗಳನ್ನು ವಿಂಗಡಿಸಲು 2011ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ, 65 ದಾಟಿದವರ ಬಿ.ಪಿ. 110ಕ್ಕಿಂತ ಕೆಳಗಿಳಿದರೆ ಆಘಾತ ಸ್ಥಿತಿ ಇರಬಹುದು ಎಂದು ಎಚ್ಚರಿಸಿತು. ಉಳಿದವರ ವಿಷಯದಲ್ಲಿ ಆ ಗೆರೆ 90.

ಹೃದಯಾಘಾತವೂ ಹಾಗೆಯೇ. ಎದೆ ಹಿಡಿದುಕೊಂಡು ಕುಸಿಯುವುದು ಸಿನಿಮಾದ ಹೃದಯಾಘಾತ. ವಯಸ್ಸಾದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಎದೆನೋವೇ ಬಾರದೆ ಉಸಿರುಗಟ್ಟುವುದು, ವಾಂತಿ, ಬೆವರು, ‘ಯಾಕೋ ಸುಸ್ತು’ ಇಷ್ಟರಲ್ಲೇ ಮುಗಿದುಹೋಗಬಹುದು. ಮನೆಯವರು ಗ್ಯಾಸ್ಟ್ರಿಕ್ ಎಂದು ಶುಂಠಿ ಕಷಾಯ ಕೊಟ್ಟು ಮಲಗಿಸುತ್ತಾರೆ. ಇದನ್ನು ಹಿಡಿಯಲು ಮೊದಲ ದಾರಿ ಇಸಿಜಿ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಟ್ಟು, ತೆಗೆದ ಪಟ್ಟಿಯನ್ನು ವಾಟ್ಸಾಪಿನಲ್ಲಿ ತಜ್ಞರು ನೋಡಿ ಹೇಳುವ ವ್ಯವಸ್ಥೆ ಮಾಡಿತು. ಕರಾವಳಿಯಿಂದ ಹೊರಟ ಆ ಕೆಲಸ ನಮ್ಮ ಗುಡ್ಡಗಳಿಗೂ ಬಂತು. ಜಯದೇವ ಹೃದ್ರೋಗ ಸಂಸ್ಥೆಯ ಜೊತೆ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಂದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲು ಶುರುಮಾಡಿತು. ಜಿಲ್ಲಾ ಕೇಂದ್ರ ಸುಮಾರು 90 ಕಿಲೋಮೀಟರ್ ದೂರವಿರುವ ಕಳಸದಂಥ ಊರಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದೆಂದು ನನಗೆ ತೋಚುವುದಿಲ್ಲ.

ಇದಕ್ಕೆಲ್ಲ ಮೊದಲೇ, 2008ರ ರಾಜ್ಯೋತ್ಸವದ ದಿನ, ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 108 ಆಂಬುಲೆನ್ಸ್ ಬಂದಿತ್ತು. ಹೊರುವ ಕೆಲಸಕ್ಕೆ ಚಕ್ರ ಬಂತು, ಜೊತೆಗೆ ತರಬೇತಾದ ಒಬ್ಬರು ಬಂದರು. ಆದರೆ ಗುಡ್ಡ ಗುಡ್ಡವೇ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡಿನವರು ಸುತ್ತು ಬಳಸಿ ಕಳಸ ಸೇರಬೇಕು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿದಾಗ ಮೂಡಿಗೆರೆಯವರಿಗೆ ಮಂಗಳೂರಿನ ಹತ್ತಿರದ ದಾರಿಯೇ ತಪ್ಪಿತು. ಎಷ್ಟೋ ಮನೆಗಳಲ್ಲಿ 108ಕ್ಕೆ ಫೋನ್ ಮಾಡಲು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಬೇಕು. ಮಕ್ಕಳು ಬೆಂಗಳೂರಿನಲ್ಲೋ ದೂರ ದೇಶದಲ್ಲೋ ಇದ್ದು, ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರಿದ್ದರೆ ಆ ಗುಡ್ಡ ಹತ್ತುವವರು ಯಾರು?

ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ಆಟಿ ತಿಂಗಳು, ಜಡಿಮಳೆ. ತೋಟದ ಲೈನ್ ಮನೆಯೊಂದರಲ್ಲಿ ಎಂಬತ್ತರ ಆಚೀಚಿನ ಅಜ್ಜಿ ಬಚ್ಚಲಲ್ಲಿ ಜಾರಿದ್ದರು. ಆಂಬುಲೆನ್ಸಿನ ಹುಡುಗ ಮಂಡಿಯೂರಿ ಕೇಳಿದ: “ಎಲ್ಲಿ ನೋವು ಅಜ್ಜಿ?” “ಏನಿಲ್ಲ ಮಾರಾಯ, ಕಾಲು ಜಾರ್ತು ಅಷ್ಟೆ. ಈ ಮಳೇಲಿ ನೀ ಯಾಕೆ ಬಂದೆ?” ಅವನು ಮಾತಿಗೆ ನಿಲ್ಲದೆ ಎರಡು ಪಾದ ಜೋಡಿಸಿ ನೋಡಿದ. ಬಲಗಾಲು ಒಂದಿಷ್ಟು ಗಿಡ್ಡ, ಪಾದ ಹೊರಕ್ಕೆ ವಾಲಿದೆ. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಾಗ ಕಾಣುವ ಗುರುತದು. ಆಮೇಲೆ ಅವನು ಸೊಸೆಯ ಕಡೆ ತಿರುಗಿ ಕೇಳಿದ: “ಜಾರಿ ಬಿದ್ದದ್ದಾ, ತಲೆ ತಿರುಗಿ ಬಿದ್ದದ್ದಾ? ಎಷ್ಟು ಹೊತ್ತು ನೆಲದಲ್ಲಿದ್ರು? ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ ತಗೋತಾರಾ?” ಅಜ್ಜಿಗೆ ಬೆನ್ನು ಗೂನು. ಅಂಗಾತ ಚಪ್ಪಟೆ ಮಲಗಿಸಿದರೆ ತಲೆ ಹಿಂದಕ್ಕೆ ಜೋಲಿ ಉಸಿರಿಗೂ ಕತ್ತಿಗೂ ತೊಂದರೆ. ಮನೆಯಲ್ಲಿದ್ದ ಕಂಬಳಿಯನ್ನೇ ಮಡಿಸಿ ತಲೆಯಡಿ, ಭುಜದಡಿ ಇಟ್ಟ. ಎತ್ತುವಾಗ ತೋಳು ಹಿಡಿದು ಎಳೆಯಲು ಯಾರನ್ನೂ ಬಿಡಲಿಲ್ಲ. ಆ ವಯಸ್ಸಿನ ಚರ್ಮ ಹಿಡಿದೆಳೆದಲ್ಲೇ ಹರಿಯುತ್ತದೆ. ಆ ಹುಡುಗನ ಕೈಕೆಲಸ ಕಂಡು ನನಗೆ ಮಾರ್ಜರಿ ವಾರನ್ ನೆನಪಾದರು.

ಅಜ್ಜಿ ಬಿದ್ದದ್ದು ನಿಂತ ಎತ್ತರದಿಂದ, ಅಷ್ಟೆ. ಬೈಕ್ ಅಪಘಾತಕ್ಕೆ ಓಡುವ ನಾವು ಬಚ್ಚಲ ಜಾರುವಿಕೆಯನ್ನು ಎಣ್ಣೆ ತಿಕ್ಕಿ ಮುಗಿಸುತ್ತೇವೆ. ಮೂಳೆ ಸವೆದವರಿಗೆ, ರಕ್ತ ತೆಳುವಾಗುವ ಮಾತ್ರೆಯವರಿಗೆ ಅಷ್ಟು ಪೆಟ್ಟೇ ಪ್ರಾಣಕ್ಕೆ ಸಾಕು. ತಲೆಗೆ ತಗುಲಿದ ಪೆಟ್ಟಿನ ರಕ್ತಸ್ರಾವ ಕೆಲವೊಮ್ಮೆ ವಾರಗಳ ನಂತರ ಮಂಕಾಗಿ ಕಾಣಿಸಿಕೊಳ್ಳುತ್ತದೆ.

ಮಂಕು ಎಂದೆ. ಎಲ್ಲಕ್ಕಿಂತ ಹೆಚ್ಚು ನಾವು ಎಡವುವುದು ಇಲ್ಲಿಯೇ. ನಿನ್ನೆ ಅಡಿಕೆ ಸುಲಿಯುತ್ತ ಊರ ಸುದ್ದಿಯೆಲ್ಲ ಹೇಳುತ್ತಿದ್ದ ಅಜ್ಜ ಇಂದು ಮಗನ ಗುರುತು ಹಿಡಿಯುವುದಿಲ್ಲ ಎಂದಾಗ ‘ವಯಸ್ಸಾಯ್ತಲ್ಲ, ಅರಳುಮರಳು’ ಎಂದು ಬಿಟ್ಟುಬಿಡುತ್ತೇವೆ. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನ ಬರುತ್ತದೆ. ಒಂದೆರಡು ದಿನದಲ್ಲಿ ಬಂದ ಗೊಂದಲ ಬೇರೆ, ಅದು ತುರ್ತು. ಮೂತ್ರದ ಸೋಂಕು, ನ್ಯುಮೋನಿಯಾ, ಹೃದಯಾಘಾತ, ಹೊಸದಾಗಿ ಕೊಟ್ಟ ಮಾತ್ರೆ, ಮೂತ್ರ ಕಟ್ಟಿಕೊಂಡದ್ದು, ಯಾವುದೂ ಕಾರಣವಾಗಬಹುದು. ಸೋಂಕಿದ್ದೂ ಮೈ ಬಿಸಿಯೇರದಿರಬಹುದು. ಸಕ್ಕರೆ ಮಾತ್ರೆ ನುಂಗಿ ಊಟ ಬಿಟ್ಟವರಿಗೆ ಸಕ್ಕರೆ ಇಳಿದರೆ ಲಕ್ವ ಹೊಡೆದಂತೆಯೇ ಕಾಣುವುದುಂಟು. ಅದಕ್ಕೇ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡುವುದು. ಹಠಾತ್ ಗೊಂದಲವನ್ನು ಹಾಸಿಗೆಯ ಪಕ್ಕದಲ್ಲೇ ಗುರುತಿಸುವ ಸರಳ ಕ್ರಮವೊಂದನ್ನು ಡಾ. ಶಾರನ್ ಇನೋಯೆ 1990ರಲ್ಲಿ ರೂಪಿಸಿದರು. ಅದರ ಮುಖ್ಯ ಭಾಗ ಗಮನದ ಪರೀಕ್ಷೆ. ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿ ನೋಡಿ: ಶನಿವಾರ, ಶುಕ್ರವಾರ, ಗುರುವಾರ… ನಿನ್ನೆಯವರೆಗೆ ಚುರುಕಾಗಿದ್ದವರು ಇವತ್ತು ನಡುವೆಯೇ ದಾರಿ ತಪ್ಪಿದರೆ ಕಾಯಬೇಡಿ. ಹೀಗೆ ಹೇಳಿಸುವ ಮೊದಲು ಕಿವಿ ಯಂತ್ರ, ಕನ್ನಡಕ ಹಾಕಿಸಿ. ಕೇಳಿಸದ್ದಕ್ಕೆ ಉತ್ತರ ಕೊಡದವರನ್ನು ಬುದ್ಧಿ ಕೆಟ್ಟವರೆಂದು ಬರೆದುಕೊಂಡ ಚೀಟಿಗಳನ್ನು ನಾನು ನೋಡಿದ್ದೇನೆ.

ನೂರು ವರ್ಷ ನಾವು ಹೊತ್ತು ತರುವುದರಲ್ಲೇ ಹೆಣಗಿದೆವು. ತಂದವರನ್ನು ಹೇಗೆ ನೋಡಬೇಕು ಎಂಬ ಪಾಠ ಇಲ್ಲಿ ಈಗಷ್ಟೇ ಶುರುವಾಗಿದೆ. ಆ ಪಾಠಕ್ಕೆ ಬೇಕಾದ ಅರ್ಧ ವಿದ್ಯೆ ಮನೆಯಲ್ಲೇ ಇದೆ. ಅಜ್ಜಿಯ ಎಂದಿನ ಬಿ.ಪಿ. ಎಷ್ಟು, ಎಷ್ಟು ದೂರ ನಡೆಯುತ್ತಿದ್ದರು, ಯಾವ ಮಾತ್ರೆ, ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ? ಲಕ್ವಕ್ಕೆ ಹೆಪ್ಪು ಕರಗಿಸುವ ಔಷಧ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಆ ಲೆಕ್ಕ ಶುರುವಾಗುವುದು ಈ ಕೊನೆಯ ಉತ್ತರದಿಂದ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿಡಿ. ಮಾತ್ರೆಗಳ ಚೀಲ, ಕನ್ನಡಕ, ಹಲ್ಲಿನ ಸೆಟ್ಟು ಒಂದೇ ಕಡೆ ಇರಲಿ. ಆಂಬುಲೆನ್ಸಿನಲ್ಲಿ ಸಾಮಾನ್ಯವಾಗಿ ಮನೆಯ ಗಟ್ಟಿಮುಟ್ಟಾದ ಹುಡುಗ ಹತ್ತುತ್ತಾನೆ, ಅವನಿಗೆ ಅಜ್ಜಿಯ ಮಾತ್ರೆಯ ಬಣ್ಣವೂ ಗೊತ್ತಿರುವುದಿಲ್ಲ. ದಿನವೂ ಊಟ ಬಡಿಸಿ ಮಾತ್ರೆ ಕೊಡುವ ಸೊಸೆಯನ್ನೋ, ಮನೆಗೆಲಸದ ಹೆಂಗಸನ್ನೋ ಜೊತೆಗೆ ಕಳಿಸಿ. ಹುಡುಗ ಬೈಕಿನಲ್ಲಿ ಹಿಂದೆ ಬರಲಿ.